ಎಲ್ಲಿ, ಒಂದು ಹಾಡು ಹೇಳಿ

ಕಳೆದ ಭಾನುವಾರ ನಮ್ಮ ಮನೆಯ ಊಟದ ಮೇಜಿನ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ಹೊಸದಾಗಿ ಬಂದು ಸೇರಿದ ಹುಡುಗನೊಬ್ಬ ನನ್ನ ಕ್ಯಾರೆಕ್ಟರ್ ಶೀಟನ್ನು, ಅಂದರೆ ನನ್ನ ಪಾತ್ರದ ವಿವರ ಬರೆದ ಹಾಳೆಯನ್ನು, ಬಗ್ಗಿ ನೋಡಿ, "ಓ, ಆಂಟಿ ಬಾರ್ಡಾ? ಎಲ್ಲಿ, ಒಂದು ಹಾಡು ಹೇಳಿ" ಎಂದ.

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ ಅದು; ಬಾರ್ಡ್ ಎಂದರೆ ಅದರಲ್ಲಿ ಹಾಡುಗಾರರ ಪಾತ್ರ. ಹುಡುಗ ಕೆಟ್ಟವನೇನಲ್ಲ. ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟಿದ್ದ, ಬರುವಾಗ ಅರ್ಧ ಕೆಜಿ ಖಾರಾಬೂಂದಿ ತಂದಿದ್ದ. ಆದರೂ ನನಗೆ ಮೈ ಉರಿಯಿತು. ಮೇಜಿನ ಸುತ್ತ ಅವನೂ ಸೇರಿ ಏಳು ಜನ ಇದ್ದೆವು. ಒಬ್ಬ ಫೈಟರ್, ಅವನಿಗೆ ಯಾರೂ 'ಎಲ್ಲಿ, ಆ ಬಾಗಿಲನ್ನು ಒದ್ದು ಮುರಿ' ಎನ್ನಲಿಲ್ಲ. ಒಬ್ಬಳು ವಿಜರ್ಡ್, ಅವಳಿಗೆ ಬೆಂಕಿಯುಂಡೆ ಎಸೆದು ತೋರಿಸು ಎನ್ನಲಿಲ್ಲ. ರೋಗ್ ಆಡುವ ಹುಡುಗನ ಮೊಣಕೈ ಪಕ್ಕದಲ್ಲೇ ನನ್ನ ಪರ್ಸ್ ಇತ್ತು. ಎತ್ತು ನೋಡೋಣ ಎಂದು ಯಾರೂ ಹುರಿದುಂಬಿಸಲಿಲ್ಲ. ಕ್ಲೆರಿಕ್ ಆಡುವವಳಂತೂ ದೇವರ ಮನೆಯ ಕಡೆ ತಿರುಗಿಯೂ ನೋಡುವವಳಲ್ಲ. ಅವರೆಲ್ಲರದು ಕಾಗದದ ಮೇಲಿನ ಮಾತು ಎಂದು ಒಪ್ಪಿಕೊಳ್ಳುವ ಜನ ಬಾರ್ಡ್ ಎಂದ ಕೂಡಲೇ ಪುರಾವೆ ಕೇಳುತ್ತಾರೆ.

'ಎಲ್ಲಿ, ಒಂದು ಹಾಡು ಹೇಳಮ್ಮ.' ಈ ಮಾತನ್ನು ನಾನು ಮೊದಲು ಕೇಳಿಸಿಕೊಂಡದ್ದು 1991ರಲ್ಲಿ. ಆ ಕಥೆ ಆಮೇಲೆ. ಬಾರ್ಡ್ ಆಡುವುದರಲ್ಲಿ ಏನು ಸುಖವಿದೆ ಎಂಬುದನ್ನು ಮೊದಲು ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ಮರೆತುಹೋಗುತ್ತದೆ.

2020ರಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡು ಮನೆಯೊಳಗೆ ಕುಳಿತಿದ್ದಾಗ ಮಗಳು ನಡೆಸುವ ಈ ಆಟಕ್ಕೆ ಒಂದು ಕೈ ಕಡಿಮೆಯಾಯಿತು. ಕಥೆ ಹೇಳುವವಳೂ ತೀರ್ಪು ಕೊಡುವವಳೂ ಅವಳೇ. ಇಸ್ಪೀಟಿಗೆ ಕೈ ಕಡಿಮೆಯಾದರೆ ಅಡುಗೆಮನೆಯಲ್ಲಿದ್ದವರನ್ನು ಕರೆದು ಕೂರಿಸುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಉಂಟು. ಹಾಗೆಯೇ ನನ್ನನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿದಳು. ಉಳಿದವರು ತಮತಮಗೆ ಬೇಕಾದದ್ದನ್ನು ಆರಿಸಿಕೊಂಡು ಆಗಿತ್ತು. ಕೊನೆಯ ಪಂಕ್ತಿಗೆ ಕುಳಿತವರಿಗೆ ತಿಳಿಸಾರು ಉಳಿದಿರುವಂತೆ ನನಗೆ ಬಾರ್ಡ್ ಉಳಿದಿತ್ತು. ನನ್ನವಳು ಹಾಫ್‌ಲಿಂಗ್ ಎಂಬ ಕುಳ್ಳರ ಕುಲದವಳು, ಮೂರು ಅಡಿ ಎತ್ತರ, ಹೆಸರು ಗುಬ್ಬಿ. ಬೇರೆಯವರ ಪಾತ್ರಗಳಿಗೆ ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡು ಕರೆಯಬೇಕಾದಂಥ ಹೆಸರುಗಳಿದ್ದವು. "ಅಮ್ಮ, ಸ್ವಲ್ಪ ಫ್ಯಾಂಟಸಿಯ ಹಾಗೆ ಕೇಳಿಸುವ ಹೆಸರು ಇಡು" ಎಂದಳು ಮಗಳು. ಮೂರು ಅಡಿಯ ಹೆಂಗಸೊಬ್ಬಳು ಒಂಟಿಯಾಗಿ ಊರೂರು ಅಲೆಯುತ್ತಾಳೆ, ಯಾರೂ ಅವಳನ್ನು 'ರಾತ್ರಿ ಎಷ್ಟು ಹೊತ್ತಿಗೆ ಬರುತ್ತೀಯ' ಎಂದು ಕೇಳುವುದಿಲ್ಲ. ಇದಕ್ಕಿಂತ ಫ್ಯಾಂಟಸಿ ಏನು ಬೇಕು ಎಂದೆ.

ವಾದ್ಯ ಆರಿಸುವಾಗ ಮಾತ್ರ ನಾನು ಬುದ್ಧಿ ಉಪಯೋಗಿಸಿದೆ. ಆಟದ ನಿಯಮಗಳ ಕೈಪಿಡಿಯಲ್ಲಿ ಹತ್ತು ವಾದ್ಯಗಳ ಪಟ್ಟಿಯಿದೆ. ಎಲ್ಲರೂ ಕಣ್ಣು ಮುಚ್ಚಿ ಲ್ಯೂಟ್ ಎಂಬ ತಂತಿವಾದ್ಯ ಎನ್ನುತ್ತಾರೆ. ನಾನು ಪಟ್ಟಿಯ ಕೆಳಭಾಗದಲ್ಲಿ ಯಾರೂ ಕೇಳದೆ ಬಿದ್ದಿದ್ದ 'ಶಾಮ್' ಎಂಬುದನ್ನು ಹಿಡಿದೆ. ಅದು ಹಳೆಯ ಯುರೋಪಿನ ಜೋಡಿ ಪೀಪಿಯ ಊದುವಾದ್ಯ, ನಮ್ಮ ನಾಗಸ್ವರದ ದೂರದ ನೆಂಟ. ಅಂದರೆ ವಾಲಗ. ವಾಲಗ ಊದುವವರಿಗೆ ಒಂದು ದೊಡ್ಡ ಅನುಕೂಲವಿದೆ: ಬಾಯಿ ಅದರಲ್ಲೇ ಇರುತ್ತದೆ, ಹಾಡು ಎಂದು ಯಾರೂ ಹೇಳುವಂತಿಲ್ಲ. ಹೇಳುವುದಿಲ್ಲ ಎಂದುಕೊಂಡಿದ್ದೆ.

ಬಾರ್ಡ್‌ಗಳಿಗೆ ಈ ಆಟದಲ್ಲಿ ಯಾರೂ ಸುಲಭದಲ್ಲಿ ಮಣೆ ಹಾಕಿದ್ದಿಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಆಟ ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ 1974ರಲ್ಲಿ ಹೊರಬಂದಾಗ ಅದರಲ್ಲಿದ್ದದ್ದು ಮೂರೇ ಕಸುಬು: ಹೊಡೆಯುವುದು, ಮಂತ್ರ ಹಾಕುವುದು, ದೇವರನ್ನು ನಂಬಿಕೊಂಡಿರುವುದು. ಮರುವರ್ಷ ಕಳ್ಳನಿಗೆ ಜಾಗ ಸಿಕ್ಕಿತು. ಗಮನಿಸಿ, ಹಾಡುವವನಿಗಿಂತ ಮೊದಲು ಕಳ್ಳ. 1976ರ ಫೆಬ್ರುವರಿಯಲ್ಲಿ ಡಗ್ ಶ್ವೆಗ್‌ಮನ್ ಎಂಬವರು ಆಟವನ್ನು ಹೊರತಂದ ಕಂಪನಿಯದೇ ಪತ್ರಿಕೆಯಲ್ಲಿ, ಉತ್ತರ ದೇಶಗಳ ಸ್ಕಾಲ್ಡ್, ಕೆಲ್ಟರ ಬಾರ್ಡ್, ದಕ್ಷಿಣ ಯುರೋಪಿನ ಮಿನ್‌ಸ್ಟ್ರೆಲ್ ಎಂಬ ಹಳೆಯ ಕಾಲದ ಹಾಡುಗಾರರು ಮೂವರನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ ಕೂಟು ಮಾಡಿ ಬಡಿಸಿದರು. 1978ರ ಕೈಪಿಡಿ ಆ ಕೂಟನ್ನು ಪುಸ್ತಕದ ಕೊನೆಗೆ, ಅನುಬಂಧಕ್ಕೆ ತಳ್ಳಿತು. ಅಲ್ಲಿನ ನಿಯಮ ಓದಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಬಾರ್ಡ್ ಆಗಬೇಕೆನ್ನುವವನು ಮೊದಲು ಕನಿಷ್ಠ ಐದನೆಯ ಲೆವೆಲ್‌ವರೆಗೆ ಫೈಟರ್ ಆಗಿರಬೇಕು. ಅದನ್ನು ಬಿಟ್ಟು ಕಳ್ಳನಾಗಿ ಮತ್ತೆ ಐದು ಲೆವೆಲ್ ಏರಬೇಕು. ಅದನ್ನೂ ಬಿಟ್ಟು ಡ್ರೂಯಿಡ್‌ಗಳೆಂಬ ಕಾಡಿನ ಪೂಜಾರಿಗಳ ಕೈಕೆಳಗೆ ಶಿಷ್ಯವೃತ್ತಿ ಮಾಡಬೇಕು. ಇಷ್ಟಾದ ಮೇಲೆ ಬಾರ್ಡ್. ಇದರ ಜೊತೆಗೆ ಬಲ, ವಿವೇಕ, ಚುರುಕು, ವರ್ಚಸ್ಸು ನಾಲ್ಕೂ ಹದಿನೈದಕ್ಕೆ ಕಡಿಮೆಯಿರಬಾರದು. ಈ ಅಂಕಗಳು ದಾಳದಿಂದ ಬರುವಂಥವು; ಮೂರು ದಾಳ ಉರುಳಿಸಿದರೆ ಹದಿನೈದೋ ಅದಕ್ಕಿಂತ ಹೆಚ್ಚೋ ಬೀಳುವುದು ನೂರಕ್ಕೆ ಒಂಬತ್ತು ಸಲ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡಿದವಳು ನಾನು. ಸಾಲ ಕೊಡಲು ಮನಸ್ಸಿಲ್ಲದ ಕಡೆ ಹೇಗೆ ಷರತ್ತು ಹಾಕುತ್ತಾರೆಂಬುದು ಚೆನ್ನಾಗಿ ಗೊತ್ತು.

ಅಷ್ಟಕ್ಕೇ ಮುಗಿಯಲಿಲ್ಲ. 2008ರಲ್ಲಿ ನಾಲ್ಕನೆಯ ಆವೃತ್ತಿಯ ಕೈಪಿಡಿ ಬಂದಾಗ ಅದರಲ್ಲಿ ಬಾರ್ಡೇ ಇರಲಿಲ್ಲ. ಮರುವರ್ಷ ಎರಡನೆಯ ಕೈಪಿಡಿಯಲ್ಲಿ ಸೇರಿಸಿಕೊಂಡರು. ಲಗ್ನಪತ್ರಿಕೆ ಕೊಡುವುದನ್ನು ಮರೆತು, ಆರತಕ್ಷತೆಯ ಹಿಂದಿನ ದಿನ ಫೋನು ಮಾಡಿ 'ನಿಮಗೆ ಬೇರೆ ಹೇಳಬೇಕೇ' ಎನ್ನುವವರಿಲ್ಲವೇ, ಹಾಗೆ. ನಾವು ಆಡುವುದು ಐದನೆಯದು, 2014ರದು. ಅದರಲ್ಲಿ ಬಾರ್ಡ್‌ಗೆ ಮಂತ್ರ, ಕತ್ತಿ, ಕಸುಬುಗಾರಿಕೆ ಎಲ್ಲ ಕೊಟ್ಟಿದ್ದಾರೆ. ನಲವತ್ತು ವರ್ಷದ ಪಾಪಪ್ರಜ್ಞೆ ಇರಬೇಕು.

ಸುಖದ ವಿಷಯ ಹೇಳುತ್ತಿದ್ದೆ. ಬಾರ್ಡ್‌ನ ಬತ್ತಳಿಕೆಯಲ್ಲಿ ನನಗೆ ಪ್ರಿಯವಾದದ್ದು ಒಂದು ಪುಟ್ಟ ಮಂತ್ರ, ಎಷ್ಟು ಸಲ ಹಾಕಿದರೂ ಖರ್ಚಾಗದ್ದು. ಪುಸ್ತಕದಲ್ಲಿ ಅದರ ಹೆಸರು ವಿಷಿಯಸ್ ಮಾಕರಿ. ನಮ್ಮ ಮೇಜಿನಲ್ಲಿ ಚುಚ್ಚುಮಾತು. ಅರವತ್ತು ಅಡಿಯೊಳಗಿರುವ ಶತ್ರುವನ್ನು ನೋಡಿ ಒಂದು ಮಾತು ಅನ್ನಬೇಕು. ಅವನು ಮನಸ್ಸು ಗಟ್ಟಿ ಮಾಡಿಕೊಳ್ಳಲಾಗದಿದ್ದರೆ ನಾಲ್ಕು ಮುಖದ ದಾಳದಲ್ಲಿ ಬಿದ್ದಷ್ಟು ಪೆಟ್ಟು. ಅದು ಹೆಚ್ಚೇನಲ್ಲ. ಆದರೆ ಅದರ ಬಾಲದಲ್ಲಿ ವಿಷವಿದೆ: ಅವನು ಮುಂದಿನ ಏಟು ಹಾಕುವಾಗ ದಾಳವನ್ನು ಎರಡು ಸಲ ಉರುಳಿಸಿ ಕಡಿಮೆ ಬಿದ್ದದ್ದನ್ನೇ ಇಟ್ಟುಕೊಳ್ಳಬೇಕು. 2024ರಲ್ಲಿ ಪರಿಷ್ಕರಿಸಿದ ಪುಸ್ತಕದಲ್ಲಿ ನಾಲ್ಕು ಮುಖದ ದಾಳ ಆರು ಮುಖದ್ದಾಗಿದೆ. ಬೆಲೆಯೇರಿಕೆ ಎಲ್ಲಕ್ಕೂ ತಟ್ಟುತ್ತದೆ.

ಈ ಮಂತ್ರಕ್ಕೆ ನಾನು ಮನಸೋತದ್ದು ಕಂಸದೊಳಗಿದ್ದ ಒಂದು ಸಣ್ಣ ಮಾತಿಗಾಗಿ. ಶತ್ರುವಿಗೆ ನಿಮ್ಮ ಮಾತು ಕೇಳಿಸಿದರೆ ಸಾಕು, ಅರ್ಥವಾಗಬೇಕಾಗಿಲ್ಲ ಎಂದಿದೆ ಅಲ್ಲಿ. ಅಂದರೆ ಕನ್ನಡದಲ್ಲೇ ಅನ್ನಬಹುದು! ಎದುರಿಗಿರುವ ರಾಕ್ಷಸ ಗಾಬ್ಲಿನ್ ಇರಲಿ, ಓಗರ್ ಇರಲಿ, ಹಾಸನದ ಮಾತಿಗೆ ತಲೆ ಬಾಗಲೇಬೇಕು. ಮೇಜಿನ ಹುಡುಗರು ಇದನ್ನು ಸರಿಯಾಗಿ ಬಳಸುವುದೇ ಇಲ್ಲ. ಒಮ್ಮೆ ನಾನು ಊರಿಗೆ ಹೋಗಿದ್ದಾಗ ಗುಬ್ಬಿಯನ್ನು ರೋಗ್ ಹುಡುಗ ಆಡಿಸಿದನಂತೆ. ಏನು ಅಂದೆಯಪ್ಪ ಎಂದು ಕೇಳಿದರೆ 'ನಿನ್ನ ಮುಖ ಚೆನ್ನಾಗಿಲ್ಲ ಅಂದೆ ಆಂಟಿ' ಎಂದ. ಓಗರ್‌ನ ಮುಖ ಚೆನ್ನಾಗಿಲ್ಲ ಎನ್ನುವುದು ಚುಚ್ಚುಮಾತೇ? ಅದು ಪಂಚನಾಮೆ. ಬೈಗುಳ ಬೇರೆ, ಚುಚ್ಚುವುದು ಬೇರೆ. ಬೈಗುಳಕ್ಕೆ ಗಂಟಲು ಸಾಕು. ಚುಚ್ಚುವುದಕ್ಕೆ ಮರ್ಯಾದೆ ಬೇಕು. ಎದುರಿಗಿರುವವನು ಕೋಪಿಸಿಕೊಂಡರೆ ಅವನದೇ ತಪ್ಪು ಎಂದು ಕಾಣಬೇಕು. ಈ ವಿದ್ಯೆಯನ್ನು ಪೂರ್ತಿ ಬಲ್ಲವರನ್ನು ನಾನು ಕಂಡದ್ದು ಒಬ್ಬರನ್ನೇ, ನಮ್ಮ ಹಾಸನದತ್ತೆಯನ್ನು. ಅಪ್ಪನ ಅಕ್ಕ. ಹೇಗೂ 1991ರ ಕಥೆ ಬಾಕಿಯಿದೆ.

ಆಗ ನಾವಿದ್ದದ್ದು ತುಮಕೂರಿನಲ್ಲಿ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು, ಸಂಜೆ ಐದರ ಹೊತ್ತಿಗೆ. ಹುಡುಗ, ಅವನ ಅಪ್ಪ ಅಮ್ಮ, ಅಕ್ಕ, ಅಕ್ಕನ ಮಗು, ಮತ್ತು ಹುಡುಗನ ಸೋದರಮಾವ. ಹುಡುಗ ಬಂದ ಹೊತ್ತಿನಿಂದ ಫ್ಯಾನನ್ನೇ ನೋಡುತ್ತಿದ್ದ. ಮಾತೆಲ್ಲ ಸೋದರಮಾವನದು. ಹೆಗಲ ಮೇಲೆ ಜರಿ ಅಂಚಿನ ಶಲ್ಯ, ಬಾಯಲ್ಲಿ ಎಲೆಯಡಿಕೆ, ಮಾತು ಮಾತಿಗೂ ತಮಗೆ ಸಂಗೀತದಲ್ಲಿ ಎಷ್ಟು ಜ್ಞಾನ ಎಂಬುದರ ಪ್ರಸ್ತಾಪ. ಊರಿಗೆ ಬಂದ ವಿದ್ವಾಂಸರೆಲ್ಲ ಅವರ ಮನೆಯಲ್ಲಿ ಕಾಫಿ ಕುಡಿಯದೆ ಕಛೇರಿಗೆ ಕೂರುತ್ತಿರಲಿಲ್ಲವಂತೆ. ಉಪ್ಪಿಟ್ಟು, ಕೇಸರಿಬಾತು ಮುಗಿಯಿತು. ಅವರು ಬಾಯಿ ಒರೆಸಿಕೊಂಡು, "ಎಲ್ಲಿ, ಒಂದು ಹಾಡು ಹೇಳಮ್ಮ" ಎಂದರು.

ನನಗೆ ಹಾಡು ಬರುವುದಿಲ್ಲ. ಸಂಕೋಚಕ್ಕೆ ಹೇಳುವ ಮಾತಲ್ಲ, ನಿಜವಾಗಿ ಬರುವುದಿಲ್ಲ. ಅಮ್ಮ ಕಣ್ಣಿನಲ್ಲೇ 'ಹೇಳು' ಎಂದರು. ಶಾಲೆಯಲ್ಲಿ ಕಲಿತಿದ್ದ ದೇವರನಾಮವೊಂದನ್ನು ಎತ್ತಿಕೊಂಡೆ. ಪಲ್ಲವಿ ಹೇಗೋ ದಾಟಿತು. ಅನುಪಲ್ಲವಿಯ ಮೇಲಿನ ಸ್ಥಾಯಿಯಲ್ಲಿ ಧ್ವನಿ ಕೈ ಬಿಟ್ಟಿತು, ಕೆಳಗಿನದರಲ್ಲಿ ಹಿಡಿದುಕೊಂಡೆ, ಅಲ್ಲಿಂದ ಮುಂದೆ ಅದು ಯಾವ ರಾಗವಾಯಿತೆಂದು ಯಾರೂ ಹೇಳಲಾರರು. ಅಷ್ಟೂ ಹೊತ್ತು ಸೋದರಮಾವ ಕಣ್ಣು ಮುಚ್ಚಿಕೊಂಡು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ನನ್ನ ಹಾಡಿಗೂ ಅವರ ತಾಳಕ್ಕೂ ಮೊದಲಿನಿಂದ ಕೊನೆಯವರೆಗೆ ಒಮ್ಮೆಯೂ ಭೇಟಿಯಾಗಲಿಲ್ಲ. ಹಾಡು ಮುಗಿದ ಮೇಲೆ ಕಣ್ಣು ಬಿಟ್ಟು, "ಪರವಾಗಿಲ್ಲ ಬಿಡಿ. ಅಡುಗೆ ಬರುತ್ತದಲ್ಲ" ಎಂದು ನಕ್ಕರು. ಅವರ ಕಡೆಯವರೂ ನಕ್ಕರು. ಅಪ್ಪನೂ ನಕ್ಕರು, ಅದು ನನಗೆ ಇವತ್ತಿಗೂ ನೆನಪಿದೆ.

ಆಗ ಒಳಗಿನಿಂದ ಹಾಸನದತ್ತೆ ಬಂದರು. ಒಂದು ಕೈಯಲ್ಲಿ ಕಾಫಿ ತಟ್ಟೆ. ಇನ್ನೊಂದು ಕೈಯಲ್ಲಿ ತಗಡಿನ ಕಾಲಿಗೆ ಸಿಕ್ಕಿಸಿ ಹಚ್ಚಿದ ಸೊಳ್ಳೆಬತ್ತಿ. ಕಾಫಿಯನ್ನು ಎಲ್ಲರಿಗೂ ಕೊಟ್ಟರು. ಸೊಳ್ಳೆಬತ್ತಿಯನ್ನು ಸೋದರಮಾವನ ಕುರ್ಚಿಯ ಪಕ್ಕದಲ್ಲಿ, ಅವರ ಕಾಲಿನ ಹತ್ತಿರಕ್ಕೇ ಇಟ್ಟು, ಸೆರಗನ್ನು ಹೆಗಲಿಗೆ ಎಳೆದುಕೊಂಡು ಬಹಳ ವಿನಯದಿಂದ ಹೇಳಿದರು:

"ನೀವು ಆಗಿನಿಂದ ತೊಡೆ ಬಡಿದುಕೊಳ್ಳುತ್ತಿದ್ದುದನ್ನು ಒಳಗಿನಿಂದ ನೋಡಿದೆ. ನಮ್ಮ ಮನೆಯಲ್ಲಿ ಸಂಜೆ ಹೊತ್ತು ಸೊಳ್ಳೆ ಸ್ವಲ್ಪ ಹೆಚ್ಚು. ತಪ್ಪು ತಿಳಿಯಬೇಡಿ."

ಯಾರೂ ಮಾತನಾಡಲಿಲ್ಲ. ಅಕ್ಕನ ಮಗು ಸೊಳ್ಳೆಬತ್ತಿಯ ಹೊಗೆಯನ್ನು ನೋಡುತ್ತಿತ್ತು. ಅಷ್ಟೂ ಹೊತ್ತಿನಲ್ಲಿ ಮೊದಲ ಬಾರಿಗೆ ಹುಡುಗ ಫ್ಯಾನಿನಿಂದ ಕಣ್ಣು ಕೆಳಗಿಳಿಸಿ ಮಾವನ ತೊಡೆಯನ್ನು ನೋಡಿದ. ಅವನಿಗೆ ನಗು ಬಂದಿತ್ತೆಂದು ನನಗೆ ಅನ್ನಿಸಿತು. ಆ ಒಂದು ಕ್ಷಣ ಅವನು ಅಡ್ಡಿಯಿಲ್ಲ ಎಂದೂ ಅನ್ನಿಸಿತು. ಮಾವ ಕಾಫಿ ಬಟ್ಟಲನ್ನು ಎತ್ತಿದರು, ಬಾಯಿಗೆ ಹೋಗಬೇಕಾದದ್ದು ಶಲ್ಯದ ಮೇಲೆ ಹೋಯಿತು. ಆದರೆ ಅವರ ನಿಜವಾದ ಏಟು ಬಾಕಿಯಿತ್ತು. ಕೊಡುವ ಬಿಡುವ ಮಾತನ್ನು ಎತ್ತಲೆಂದೇ ಅವರನ್ನು ಕರೆತಂದಿದ್ದರು. ಗಂಟಲು ಸರಿಮಾಡಿಕೊಂಡು, "ಇನ್ನು ವರೋಪಚಾರದ ವಿಷಯ" ಎಂದು ಶುರುಮಾಡಿದವರು ಕಾಲ ಬಳಿಯ ಹೊಗೆಯನ್ನು ನೋಡಿದರು, ಅತ್ತೆಯ ಮುಖ ನೋಡಿದರು, "ನಮ್ಮ ಕಡೆಯಿಂದ ಅಂಥದ್ದೇನೂ ಇಲ್ಲ" ಎಂದುಬಿಟ್ಟರು. ಹುಡುಗನ ತಾಯಿ ತಮ್ಮನ ಕಡೆ ನೋಡಿದ ನೋಟಕ್ಕೆ ನಾಲ್ಕು ಮುಖದ ದಾಳ ಸಾಲದು.

ಎರಡು ಸಲ ಉರುಳಿಸಿ ಕಡಿಮೆ ಬಿದ್ದದ್ದನ್ನು ಇಟ್ಟುಕೊಳ್ಳುವುದೆಂದರೆ ಏನೆಂದು ಮಗಳು ನನಗೆ ಮೂರು ಸಲ ವಿವರಿಸಿದ್ದಳು. ನಾನು ಮೊದಲ ಸಲವೇ ಅರ್ಥಮಾಡಿಕೊಂಡಿದ್ದೆ.

ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎಂದು ಹೋದವರು ಬರೆಯಲಿಲ್ಲ. ಅಪ್ಪ ಮೂರು ತಿಂಗಳು ಅಕ್ಕನ ಜೊತೆ ಮಾತು ಬಿಟ್ಟರು. "ಬರೆಯಲು ಕುಳಿತಿರುತ್ತಾರೆ ಕಣೋ, ಅಲ್ಲೂ ಸೊಳ್ಳೆ" ಎಂದು ಅತ್ತೆ ಹಾಸನದಿಂದ ಅಂತರ್ದೇಶೀಯ ಪತ್ರ ಹಾಕಿದರು. ಅತ್ತೆಗೂ ಹಾಡು ಬರುತ್ತಿರಲಿಲ್ಲ. ನಮ್ಮ ವಂಶದಲ್ಲೇ ಇಲ್ಲ ಅದು. ಮಹಾಭಾರತದಲ್ಲಿ ಕರ್ಣನ ಸಾರಥಿಯಾಗಿ ಕೂತು ಅವನ ತೇಜೋವಧೆ ಮಾಡುತ್ತೇನೆಂದು ಧರ್ಮರಾಯನಿಗೆ ಮಾತು ಕೊಟ್ಟವನೂ ಶಲ್ಯನೇ. ನಮ್ಮ ನಡುಮನೆಯಲ್ಲಿ ಶಲ್ಯ ಹೊದ್ದವರು ಒಬ್ಬರು, ಶಲ್ಯನ ಕೆಲಸ ಮಾಡಿದವರು ಇನ್ನೊಬ್ಬರು. ಹಳೆಯ ಐರ್ಲೆಂಡಿನಲ್ಲಿ ಕವಿ ನಿಂದೆಯ ಪದ್ಯ ಕಟ್ಟಿದರೆ ರಾಜನ ಮುಖದಲ್ಲಿ ಬೊಬ್ಬೆಯೇಳುತ್ತಿತ್ತೆಂಬ ನಂಬಿಕೆಯಿತ್ತಂತೆ. ನಾನು ಓದಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ.

ಹಾಗೆಂದು ಬಾರ್ಡ್ ಎಂದರೆ ಬರೀ ಚುಚ್ಚುವುದೆಂದು ತಿಳಿಯಬಾರದು. ಮುಖ್ಯ ಕೆಲಸ ಹುರಿದುಂಬಿಸುವುದು. ಜೊತೆಯವರಲ್ಲಿ ಯಾರಿಗಾದರೂ ಒಂದು ಒಳ್ಳೆಯ ಮಾತು ಹೇಳಿ, ಅಥವಾ ವಾಲಗದಲ್ಲಿ ನಾಲ್ಕು ಸ್ವರ ಊದಿ, ಒಂದು ಆರು ಮುಖದ ದಾಳವನ್ನು ಕೊಡಬಹುದು. ಹತ್ತು ನಿಮಿಷದೊಳಗೆ ಬೇಕಾದಾಗ ಅವರು ಅದನ್ನು ಉರುಳಿಸಿ ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೆ. ಉಳಿದವರು ಈ ದಾಳವನ್ನು ಬಾಯಿಮಾತಿನಲ್ಲಿ ಕೊಡುತ್ತಾರಂತೆ. ನಾನು ಕೈಯಲ್ಲೇ ಕೊಡುತ್ತೇನೆ. ಮಗಳು ಚಿಕ್ಕವಳಿದ್ದಾಗಿನ ಹಾವು ಏಣಿ ಆಟದ ಡಬ್ಬಿಯಲ್ಲಿದ್ದ ಬಿಳಿಯ ದಾಳ ಅದು; ಒಂದರ ಚುಕ್ಕಿ ಅಳಿಸಿಹೋಗಿದೆ, ಏನೂ ಕಾಣದಿದ್ದರೆ ಒಂದು ಎಂದು ಓದಿಕೊಳ್ಳಬೇಕು.

ಹೋದ ತಿಂಗಳು ಒಂದು ಸೇತುವೆಯ ಮೇಲೆ ಹಾಬ್‌ಗಾಬ್ಲಿನ್ ಅಡ್ಡ ನಿಂತಿತ್ತು. ಅದಕ್ಕೆ ಏಟು ತಾಗಬೇಕಾದರೆ ಹದಿನೆಂಟು ಬೇಕು. ಫೈಟರ್ ಹುಡುಗ ಇಪ್ಪತ್ತು ಮುಖದ ದಾಳ ಉರುಳಿಸಿದ, ಹನ್ನೊಂದು ಬಿತ್ತು. ತೋಳಬಲದ ಐದು ಸೇರಿಸಿ ಹದಿನಾರು. ಮಗಳು ಬಾಯಿ ತೆರೆಯುವ ಮೊದಲು ನಾನು ಕೊಟ್ಟಿದ್ದ ದಾಳವನ್ನು ಎತ್ತಿದ. ಅವಳು ತೀರ್ಪು ಹೇಳಿದ ಮೇಲೆ ಉರುಳಿಸುವಂತಿಲ್ಲ. ಹಾವು ಏಣಿಯ ದಾಳ ಮೇಜಿನ ಮೇಲೆ ಉರುಳಿ, ಖಾರಾಬೂಂದಿಯ ತಟ್ಟೆಗೆ ತಾಗಿ ನಿಂತಿತು. ಮೂರು. ಹತ್ತೊಂಬತ್ತಾಯಿತು. ಹಾಬ್‌ಗಾಬ್ಲಿನ್ ನದಿಗೆ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು, ಫೈಟರ್ ಎದ್ದು ನಿಂತು 'ನಾನು ಹೊಡೆದೆ' ಎಂದು ಕೂಗಿದ. ಆ ಮೂರು ಯಾರದು ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ದಾಳವನ್ನು ಎತ್ತಿಕೊಂಡು ಸೆರಗಿನಲ್ಲಿ ಎಣ್ಣೆ ಒರೆಸಿ ಇಟ್ಟುಕೊಂಡೆ.

ಇಲ್ಲಿ ಯಾರಾದರೂ, ತೆರೆಯ ಹಿಂದೆ ನಿಂತು ಇತರರ ಗೆಲುವಿನಲ್ಲಿ ತನ್ನ ಗೆಲುವನ್ನು ಕಾಣುವ ತಾಯಂದಿರು ಎಂದೇನಾದರೂ ಶುರುಮಾಡಿದರೆ ಅವರ ಕಾಲ ಬಳಿ ಸೊಳ್ಳೆಬತ್ತಿ ಇಡುತ್ತೇನೆ. ನನಗೆ ಆ ಮೂರು ಬೇಕಿತ್ತು. ಅದು ನನ್ನ ಮೂರು. ಸುಖ ಎಂದದ್ದು ಅದಲ್ಲ, ಬೇರೆ ಏನೋ ಇದೆ; ಈಗ ಹೇಳುತ್ತೇನೆ.

ಹೊಸ ಹುಡುಗ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದ. "ನೀನು ಯಾರಪ್ಪ?" ಎಂದೆ. "ಬಾರ್ಬೇರಿಯನ್, ಆಂಟಿ. ಬಲ ಹದಿನೆಂಟು" ಎಂದ. "ಒಳ್ಳೆಯದಾಯಿತು. ಹೊರಗೆ ಗೇಟಿನ ಬಳಿ ಗ್ಯಾಸ್ ಸಿಲಿಂಡರ್ ಇದೆ, ಎತ್ತಿಕೊಂಡು ಬಂದು ಹಿತ್ತಿಲಿನಲ್ಲಿ ಇಡು. ಆಮೇಲೆ ಹಾಡು ಹೇಳುತ್ತೇನೆ." ಮೇಜೆಲ್ಲ ನಕ್ಕಿತು. ಅತ್ತೆ ಮೇಲಿನಿಂದ ನೋಡುತ್ತಿರಬಹುದೆಂದು ನನಗೂ ಸ್ವಲ್ಪ ಬೀಗು ಬಂತು.

ಆದರೆ ಹುಡುಗ ಎದ್ದ. ಹೋದ. ಈಗಿನ ಮಕ್ಕಳಿಗೆ ಚುಚ್ಚುಮಾತು ತಾಗುವುದೇ ಇಲ್ಲ, ಅದೇನು ಮನಸ್ಸೋ. ಸಿಲಿಂಡರನ್ನು ಎರಡೂ ಕೈಯಿಂದ ತಬ್ಬಿ ಹಿಡಿದು, ನಡುಮನೆ ದಾಟಿ, ಹಿತ್ತಿಲಿನಲ್ಲಿ ಇಟ್ಟು, ಬೆವರು ಒರೆಸಿಕೊಳ್ಳುತ್ತಾ ಬಂದು ಕುಳಿತ. "ಈಗ ಹಾಡಿ ಆಂಟಿ."

ನಾನು ಮಗಳ ಕಡೆ ನೋಡಿದೆ. ಅವಳು ಎದುರಿಗಿಟ್ಟುಕೊಂಡಿದ್ದ ರಟ್ಟಿನ ಮರೆಯಿಂದ ತಲೆ ಎತ್ತದೆ, "ಗುಬ್ಬಿ ಛತ್ರದ ನಡುವೆ ನಿಂತಿದ್ದಾಳೆ. ಎಲ್ಲರೂ ಮಾತು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದಾರೆ. ದಾಳ ಉರುಳಿಸು ಅಮ್ಮ" ಎಂದಳು. ಉರುಳಿಸಿದೆ. ಹದಿನೇಳು ಬಿತ್ತು, ಮೇಲೆ ಐದು. ಇಪ್ಪತ್ತೆರಡು. ಛತ್ರದವನು ಕೈಯಲ್ಲಿದ್ದ ಲೋಟ ಕೆಳಗಿಡುವುದನ್ನು ಮರೆತನಂತೆ. ಮೂಲೆಯಲ್ಲಿ ಕುಳಿತಿದ್ದ ಮುದಿ ಸೈನಿಕ ಕಣ್ಣೊರೆಸಿಕೊಂಡನಂತೆ. ಹಾಡು ಮುಗಿದ ಮೇಲೂ ಬಹಳ ಹೊತ್ತು ಯಾರೂ ಮಾತನಾಡಲಿಲ್ಲವಂತೆ. ನಾನು ಒಂದು ಸ್ವರವನ್ನೂ ಎತ್ತಲಿಲ್ಲ.

"ಇದು ಮೋಸ ಆಂಟಿ" ಎಂದ ಹುಡುಗ.

ಖಾರಾಬೂಂದಿಯ ತಟ್ಟೆಯನ್ನು ಅವನ ಕಡೆಗೆ ಸರಿಸಿದೆ. ಅವನು ಎತ್ತಿದ್ದು ಖಾಲಿ ಸಿಲಿಂಡರ್. ತುಂಬಿದ್ದು ಆಗಲೇ ಅಡುಗೆಮನೆಯಲ್ಲಿತ್ತು.